ರಿಪೇರಿ ಮಾಡಿದವರು

ಬೆಳಗಿನ ಹೊತ್ತು ಕಲಬುರಗಿ ಕೋಟೆಯೊಳಗೆ ಅಡ್ಡಾಡುವಾಗ ಎರಡು ಕಡೆ ಕಾಲು ತಾನಾಗಿಯೇ ನಿಲ್ಲುತ್ತದೆ. ಒಂದು ಜಾಮಿ ಮಸೀದಿ; ಅದನ್ನು ಕಟ್ಟಿದ ರಫಿಯ ಹೆಸರು 1367ರ ಶಾಸನದಲ್ಲಿದೆ. ಇನ್ನೊಂದು 29 ಅಡಿ ಉದ್ದದ ಬಾರಾ ಗಜಿ ತೋಪು. ಬಂದವರೆಲ್ಲ ತೋಪಿನ ಉದ್ದ ಕೇಳುತ್ತಾರೆ, ಮಾಡಿದವರು ಯಾರೆಂದು ಕೇಳುವವರು ಕಡಿಮೆ.

ದೆಹಲಿಯ ಪಾಲಂನ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿರುವ ಲಿಬರೇಟರ್ ಬಾಂಬರ್ ವಿಷಯವೂ ಹೀಗೆಯೇ. ನಾಲ್ಕು ಇಂಜಿನ್, 110 ಅಡಿ ಅಗಲದ ರೆಕ್ಕೆ, ಎರಡನೇ ಮಹಾಯುದ್ಧ ಎಂದು ಹೇಳಿ ಮುಗಿಸುತ್ತೇವೆ. ನನಗೆ ದೊಡ್ಡದೆನಿಸುವುದು ಯುದ್ಧ ಮುಗಿದ ಮೇಲಿನ ಕಥೆ. ಬ್ರಿಟಿಷರು ತಮಗೆ ಬೇಡವಾದ ಲಿಬರೇಟರ್‌ಗಳನ್ನು ಕಾನ್ಪುರದಲ್ಲಿ ಸಾಲಾಗಿ ನಿಲ್ಲಿಸಿ, ಮತ್ತೆ ಯಾರೂ ಹಾರಿಸಬಾರದೆಂದು ಬೇಕೆಂದೇ ಕೆಡಿಸಿ ಹೋದರು. 1948ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಅಲ್ಲಿಗೆ ಹೋದರು. ಬೆಂಗಳೂರು ಮುಟ್ಟಿದರೆ ಸಾಕು ಎನ್ನುವಷ್ಟು ಸರಿಮಾಡಿದರು. ಪೈಲಟ್ ಜಿಮ್ಮಿ ಮುನ್ಷಿ ಅವನ್ನು ಹಾರಿಸಿಕೊಂಡು ತಂದರು. ಎಂಥ ಧೈರ್ಯ! ಬೆಂಗಳೂರಿನಲ್ಲಿ ಪೂರ್ತಿ ದುರಸ್ತಿಯಾದ ಸುಮಾರು 40 ವಿಮಾನಗಳು ನಮ್ಮ ವಾಯುಪಡೆ ಸೇರಿ, 1968ರವರೆಗೂ ದುಡಿದವು. ಅಷ್ಟೊತ್ತಿಗೆ ಬೇರೆಡೆ ಸಾವಿರಾರು ಲಿಬರೇಟರ್‌ಗಳು ಗುಜರಿ ಪಾಲಾಗಿದ್ದವು. ಭಾರತದಲ್ಲಿ ಉಳಿದವುಗಳಲ್ಲಿ ಕೆಲವು ಮುಂದೆ ಕೆನಡಾ, ಅಮೆರಿಕದ ವಸ್ತುಸಂಗ್ರಹಾಲಯಗಳಿಗೆ ಹೋದವು. ಕೆಡಿಸಿ ಹೋದ ಬ್ರಿಟನ್ನಿಗೂ ಒಂದು ಇಲ್ಲಿಂದಲೇ ಹೋಯಿತು.

ಆ ಕೆಲಸಗಾರರನ್ನು ಕಣ್ಣಮುಂದೆ ತಂದುಕೊಳ್ಳಲು ನನಗೆ ಕಲಬುರಗಿ ಕಡೆಯ ಕಮಲಾಪುರದ ರಸ್ತೆಬದಿ ಸಾಕು. ಕೆಂಪು ಬಾಳೆಗೊನೆ ಹೇರಿದ ಟ್ರ್ಯಾಕ್ಟರ್ ಕೆಟ್ಟು ನಿಂತಿರುತ್ತದೆ. ಮಿಸ್ತ್ರಿ ಸ್ಕ್ರೂಡ್ರೈವರ್ ತುದಿಯನ್ನು ಇಂಜಿನ್‌ಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಕೇಳುತ್ತಾನೆ. "ಹೊಸಾದು ಬ್ಯಾಡ್ರಿ ಗೌಡ್ರೆ, ಇದೇ ನಡೀತದ" ಅನ್ನುತ್ತಾನೆ. ಆ ಮಾತಿನಲ್ಲಿರುವ ಭರವಸೆ ನನಗೆ ಬಹಳ ಇಷ್ಟ.

ಬಾಂಬು ಹಾಕುವ ಯಂತ್ರಕ್ಕೆ ಮರುಜೀವ ಕೊಟ್ಟಿದ್ದು ಒಳ್ಳೆಯದೇ ಎಂಬ ಪ್ರಶ್ನೆ ಕಾಡದೆ ಇಲ್ಲ. ಮುಂದೆ ಅವುಗಳಲ್ಲಿ ಕೆಲವು ಸಮುದ್ರದ ಮೇಲೆ ಕಾವಲು ಹಾರಾಟ ನಡೆಸಿದವು ಎಂಬುದು ಸಮಾಧಾನ, ಪೂರ್ತಿ ಉತ್ತರವಲ್ಲ. ಆದರೂ ಆಗತಾನೇ ಸ್ವತಂತ್ರವಾದ ಬಡ ದೇಶದ ಕೆಲಸಗಾರರು, ಇನ್ನೊಬ್ಬರು ಕೈಬಿಟ್ಟದ್ದನ್ನು ಕೈಗೆತ್ತಿಕೊಂಡ ಬಗೆಗೆ ತಲೆಬಾಗುತ್ತೇನೆ. ರಫಿಯ ಹೆಸರಿನ ಹಾಗೆ ಅವರ ಹೆಸರುಗಳನ್ನೂ ಆ ವಿಮಾನಗಳ ಪಕ್ಕದಲ್ಲಿ ಕಲ್ಲಿನಲ್ಲಿ ಬರೆಸಬೇಕೆಂಬುದು ನನ್ನ ಆಸೆ. ಕಥೆ ರಿಪೇರಿಗೇ ನಿಲ್ಲಲಿಲ್ಲ: ಬೆಂಗಳೂರಿನ ಅದೇ ಕಾರ್ಖಾನೆ ತಾನೇ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಮೊದಲ ಸಲ ನೆಲ ಬಿಟ್ಟಿತು. ಅದನ್ನು ಹಾರಿಸಿದವರೂ ಮುನ್ಷಿಯವರೇ.