ರಿಪೇರಿ ಪೆಟ್ಟಿಗೆ (2 ಅರಸುಗಳು 12:4–16)

ಕೂತ್ಕೊಳ್ಳಿ. ಬಾಗಿಲ ಹತ್ರ ನಿಂತಿರೋರು ಒಳಗೆ ಬನ್ನಿ, ಮುಂದೆ ಚಾಪೆ ಖಾಲಿ ಇದೆ.

ಅರಸುಗಳು ಎರಡನೆಯ ಪುಸ್ತಕ, 12ನೇ ಅಧ್ಯಾಯ. ಈಗ ಅಕ್ಕ ಓದಿದರಲ್ಲ, ಅದೇ ಭಾಗ. ಬೈಬಲ್ ಹಾಗೇ ತೆರೆದಿಟ್ಟುಕೊಳ್ಳಿ. ಈ ಅಧ್ಯಾಯದ ಮೇಲೆ ಪ್ರಸಂಗ ಕೇಳಿದವರು ಕಡಿಮೆ. ಇಲ್ಲಿ ಆಕಾಶದಿಂದ ಬೆಂಕಿ ಇಳಿಯಲ್ಲ, ಸತ್ತವರು ಏಳಲ್ಲ. ಒಂದು ಹಳೆ ಕಟ್ಟಡ ಇದೆ, ಮುಚ್ಚಳಕ್ಕೆ ತೂತು ಕೊರೆದ ಒಂದು ಪೆಟ್ಟಿಗೆ ಇದೆ, ಬಡಗಿಗಳು, ಕಲ್ಲುಕುಟಿಗರು, ಅವರ ಕೂಲಿ. ಪವಿತ್ರಾತ್ಮನು ಇಷ್ಟನ್ನೂ ಬರೆಸಿಟ್ಟಿದ್ದಾನೆ ಅಂದರೆ ರಿಪೇರಿ ಖರ್ಚಿನ ಬಗ್ಗೆಯೂ ದೇವರಿಗೆ ಹೇಳೋದಿದೆ. ಆಮೆನ್?

ಯಾಕೆ ಈ ಭಾಗ ಅಂತ ನಿಮಗೆ ಗೊತ್ತು. ನಾಲ್ಕು ವಾರದ ಹಿಂದೆ ಶುಕ್ರವಾರ ರಾತ್ರಿ ತೋಟದ ಲೈನ್ ಮನೆಗಳಲ್ಲಿ ಪ್ರಾರ್ಥನೆ ಮುಗಿಸಿ ಸಕಲೇಶಪುರದ ಕಡೆಯಿಂದ ಹಾಸನಕ್ಕೆ ಬರುವಾಗ ನಮ್ಮ ಸಭೆಯ ಗಾಡಿ ಬಾಳ್ಳುಪೇಟೆ ದಾಟಿದ ಮೇಲೆ ನಿಂತುಹೋಯಿತು. 2012ರ ಮಾಡೆಲ್, ಏಳು ಸೀಟು, ಡೀಸೆಲ್, ಓಡಿರೋದು 1,82,000 ಕಿಲೋಮೀಟರ್. ಒಳಗೆ ಏಳು ಜನ. ಒಂದು ಸಣ್ಣ ಸದ್ದು, ಆಮೇಲೆ ಎಂಜಿನ್ ಇಲ್ಲ. ಎಂಜಿನ್ ನಿಂತರೆ ಸ್ಟೇರಿಂಗ್ ಕಲ್ಲಿನ ಹಾಗೆ ಭಾರ ಆಗುತ್ತೆ, ನಾಲ್ಕು ಸಲ ತುಳಿಯುವಷ್ಟರಲ್ಲಿ ಬ್ರೇಕೂ ಗಟ್ಟಿಯಾಗುತ್ತೆ. ರಾಷ್ಟ್ರೀಯ ಹೆದ್ದಾರಿ 75, ಹಿಂದೆ ಟ್ಯಾಂಕರ್‌ಗಳು. ಗಾಡಿ ಓಡಿಸ್ತಿದ್ದ ಅಣ್ಣ ಹೆದರದೆ ಗಟ್ಟಿಯಾಗಿ ಹಿಡಿದು ಪಕ್ಕಕ್ಕೆ ತಂದರಲ್ಲ, ಅದಕ್ಕೆ ಮೊದಲು ಕರ್ತನಿಗೆ ಸ್ತೋತ್ರ ಹೇಳೋಣ.

ಬಾನೆಟ್ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿದೆವು. ಸೆಲ್ಫ್ ಹೊಡೆದರೆ ಎಂಜಿನ್ ಸುತ್ತುತ್ತೆ, ಆದರೆ ಸದ್ದು ಬೇರೆ, ಏನೋ ಹಗುರವಾಗಿ, ಖಾಲಿ ಡಬ್ಬ ತಿರುಗಿದ ಹಾಗೆ. ಫೋನಲ್ಲಿ ಆ ಸದ್ದು ಕೇಳಿಸಿದ ತಕ್ಷಣ ಮೆಕ್ಯಾನಿಕ್ ಭಾಯ್ ಹೇಳಿದರು, "ಪಾಸ್ಟರ್ ಸಾರ್, ಇನ್ನೊಂದು ಸಲ ಸೆಲ್ಫ್ ಹೊಡೀಬೇಡಿ. ಬಿಟ್ಬಿಡಿ." ಇಪ್ಪತ್ತು ನಿಮಿಷಕ್ಕೆ ಮಂಗಳೂರು ಕಡೆಯಿಂದ ಕೆಂಪು ಬಸ್ ಬಂತು, ಕೈ ಅಡ್ಡ ಹಿಡಿದೆವು, ನಿಲ್ಲಿಸಿದರು. ಪ್ರಾರ್ಥನೆಗೆ ಉತ್ತರ ಅದೇ ಬಸ್ ಅಂತ ನಾನು ನಂಬುತ್ತೇನೆ.

ಇಷ್ಟು ನಿಮಗೆಲ್ಲ ಗೊತ್ತಿರೋದೇ. ನನಗೆ ಹೇಳಬೇಕಾಗಿರೋದು ಆಮೇಲೆ ನಡೆದದ್ದು.

ಆ ರಾತ್ರಿ ಗಾಡಿಯಲ್ಲಿ ಒಬ್ಬ ಅಕ್ಕ ಇದ್ದರು. ನಮ್ಮ ಜೊತೆ ಅವರು ಬಂದಿದ್ದು ಅದೇ ಮೊದಲು. ಗಂಡನನ್ನು ಕಳೆದುಕೊಂಡು ಎರಡು ವರ್ಷ ಆಗಿದೆ, ಹಾಸನದಲ್ಲಿ ಡಾಕ್ಟರ್ ಹತ್ತಿರ ಮಂಡಿ ತೋರಿಸಬೇಕು ಅಂತ ಬಂದಿದ್ದರು. ಬಸ್ಸಿನಲ್ಲಿ ಯಾರೋ ಮೆಲ್ಲಗೆ ಅಂದರಂತೆ: ಇಷ್ಟು ವರ್ಷ ನಿಲ್ಲದ ಗಾಡಿ ಇವತ್ತೇ ನಿಂತಿತಲ್ಲ, ಕಾಲ್ಗುಣ. ಆ ಮಾತು ಅವರ ಕಿವಿಗೆ ಬಿತ್ತು. ಆಮೇಲೆ ಎರಡು ಭಾನುವಾರ ಅವರು ಬರಲಿಲ್ಲ. ಲೈನ್ ಮನೆಗೆ ಹೋಗಿ ಕೇಳಿದರೆ, "ನಾನು ಬಂದರೆ ನಿಮಗೆಲ್ಲ ನಷ್ಟ ಆಗುತ್ತೆ ಪಾಸ್ಟರ್, ನಮ್ಮ ಅತ್ತೆ ಮನೆಯಲ್ಲೂ ಹಂಗೇ ಅಂತಾರೆ" ಅಂದರು. ಅವರ ಅಪ್ಪಣೆ ತಗೊಂಡೇ ಇದನ್ನು ಇಲ್ಲಿ ಹೇಳ್ತಿದ್ದೀನಿ.

ಪ್ರಿಯರೇ, ನಾವು ದೀಕ್ಷಾಸ್ನಾನದಲ್ಲಿ ಮುಳುಗಿ ಎದ್ದಿದ್ದೀವಿ. ಹಳೆಯದೆಲ್ಲ ಮುಳುಗಿತು ಅಂದುಕೊಂಡೆವು. ಈ ಕಾಲ್ಗುಣ ಮಾತ್ರ ಈಜಿಕೊಂಡು ದಡಕ್ಕೆ ಬಂದುಬಿಟ್ಟಿದೆ.

ಅದಕ್ಕೇ ಇವತ್ತು ಬೈಬಲ್ ಜೊತೆ ಇದನ್ನೂ ತಂದಿದ್ದೀನಿ. (ಪಾಸ್ಟರ್ ಹರಿದ ಬೆಲ್ಟ್ ಮತ್ತು ಒಂದು ವಾಲ್ವ್ ತೋರಿಸುತ್ತಾರೆ.) ಹಿಂದಿನ ಸಾಲಿನವರೆಗೂ ದಾಟಿಸಿ, ನೋಡಿ. ಮಕ್ಕಳ ಕೈಗೆ ಬೇಡ, ಎಣ್ಣೆ ಮೆತ್ತಿಕೊಂಡಿದೆ. ಇದರ ಹೆಸರು ಟೈಮಿಂಗ್ ಬೆಲ್ಟ್. ಎಂಜಿನ್ ಒಳಗೆ ಪಿಸ್ಟನ್ ಮೇಲೆ ಕೆಳಗೆ ಹೋಗ್ತಾ ಇರುತ್ತೆ. ಮೇಲೆ ವಾಲ್ವ್‌ಗಳು, ಬಾಗಿಲು ಇದ್ದ ಹಾಗೆ: ಗಾಳಿ ಒಳಗೆ ಬಿಡೋಕೆ ಒಂದು, ಹೊಗೆ ಹೊರಗೆ ಕಳಿಸೋಕೆ ಒಂದು. ನಮ್ಮ ಎಂಜಿನ್‌ನಲ್ಲಿ 4 ಸಿಲಿಂಡರ್, 16 ವಾಲ್ವ್. ಕೆಳಗಿನ ಕ್ರಾಂಕ್ ಎರಡು ಸುತ್ತು ತಿರುಗಿದರೆ ಮೇಲಿನ ಕ್ಯಾಮ್ ಒಂದು ಸುತ್ತು ತಿರುಗಬೇಕು. ಆ ಲೆಕ್ಕವನ್ನು ತಪ್ಪದೆ ಹಿಡಿದಿಡೋದು ಈ ಹಲ್ಲಿನ ಬೆಲ್ಟ್. ಎಂಜಿನ್ ನಿಮಿಷಕ್ಕೆ 2,000 ಸುತ್ತು ಓಡಿದರೆ ಒಂದೊಂದು ವಾಲ್ವೂ ನಿಮಿಷಕ್ಕೆ 1,000 ಸಲ ತೆರೆದು ಮುಚ್ಚುತ್ತೆ. ಬೆಲ್ಟ್ ಹರಿದರೆ ಕ್ಯಾಮ್ ನಿಂತುಬಿಡುತ್ತೆ, ತೆರೆದ ವಾಲ್ವ್ ತೆರೆದೇ ಇರುತ್ತೆ. ಗಾಡಿ ಮಾತ್ರ ಓಡ್ತಾ ಇದೆ, ಪಿಸ್ಟನ್ ಮೇಲೆ ಬರೋದು ನಿಲ್ಲಲ್ಲ. ಬಂದು ಹೊಡೆಯುತ್ತೆ. ಕೈಯಲ್ಲಿರೋ ವಾಲ್ವ್ ನೋಡಿ, ಕಡ್ಡಿ ಸೊಟ್ಟಗಾಗಿದೆ. ಇಂಥವು 8 ಬಗ್ಗಿದ್ದವು. ಕೆಲವರ ಗಾಡಿಯಲ್ಲಿ ಬೆಲ್ಟ್ ಬದಲು ಚೈನ್ ಇರುತ್ತೆ. ಅವರು ನಗಬೇಡಿ, ಚೈನೂ ಸಡಿಲ ಆಗುತ್ತೆ.

ಬೆಲ್ಟ್ ಯಾಕೆ ಹರಿಯಿತು? ಬದಲಾಯಿಸುವ ಲೆಕ್ಕಕ್ಕೆ ಇನ್ನೂ 20,000 ಕಿಲೋಮೀಟರ್ ಬಾಕಿ ಇತ್ತು. ಭಾಯ್ ಕವರ್ ಬಿಚ್ಚಿ ತೋರಿಸಿದರು. ಒಳಗೆ ಒಂದು ಆಯಿಲ್ ಸೀಲ್, ಬಳೆ ಥರ ಒಂದು ರಬ್ಬರ್ ಉಂಗುರ, ಸೋರ್ತಾ ಇತ್ತು. ಎಣ್ಣೆ ಬೆಲ್ಟಿನ ಮೇಲೆ ಬಿದ್ದು ಬಿದ್ದು ರಬ್ಬರ್ ಮೆತ್ತಗಾಗಿ ಹಲ್ಲು ಕಿತ್ತುಬಂದಿತ್ತು. ಕವರ್ ಒಳಗಿನ ಸೋರಿಕೆ, ಹೊರಗೆ ನೆಲಕ್ಕೆ ಒಂದು ಹನಿ ಬಿದ್ದಿಲ್ಲ. ಇದು ತಿಂಗಳುಗಟ್ಟಲೆ ಸೋರಿದೆ ಅಂದರು ಭಾಯ್. ಆ ಸೀಲ್ ಸೋರೋಕೆ ಶುರುವಾದಾಗ ಆ ಅಕ್ಕ ನಮ್ಮ ಸಭೆಯ ಹೆಸರೂ ಕೇಳಿರಲಿಲ್ಲ. ಅವರು ಅವತ್ತು ಹತ್ತದಿದ್ದರೂ ಬೆಲ್ಟ್ ಹರಿಯುತ್ತಿತ್ತು. ಬೆಲ್ಟಿಗೆ ಸೀಟಲ್ಲಿ ಯಾರು ಕೂತಿದ್ದಾರೆ ಅಂತ ಗೊತ್ತಿಲ್ಲ.

ಇನ್ನು ಕೆಲವರು ಅಂದರು: ಪಾಸ್ಟರ್, ಇದು ಸೈತಾನನ ದಾಳಿ, ತೋಟದಲ್ಲಿ ಸುವಾರ್ತೆ ನಿಲ್ಲಿಸೋಕೆ ಮಾಡಿದ್ದು. ಸೈತಾನ ಇದ್ದಾನೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಹಾಗಂತ ಎಲ್ಲ ಆಯಿಲ್ ಸೀಲನ್ನೂ ಅವನ ಖಾತೆಗೆ ಬರೆಯಬೇಡಿ. ಸೈತಾನನ ಕೆಲಸ ನಾನು ಕಂಡದ್ದು ಎಲ್ಲಿ ಗೊತ್ತಾ? ಒಬ್ಬ ವಿಧವೆ ಎರಡು ಭಾನುವಾರ ದೇವರ ಸನ್ನಿಧಿಗೆ ಬರೋಕೆ ಹೆದರಿದರಲ್ಲ, ಅಲ್ಲಿ. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳಿದ್ದೂ ಇದನ್ನೇ: ಪಾಪ ಮಾಡಿದವರು ಯಾರು, ಇವನಾ, ಇವನ ತಂದೆತಾಯಿಯಾ? ಯೇಸುಸ್ವಾಮಿ ಇಬ್ಬರ ಹೆಸರನ್ನೂ ಹೇಳಲಿಲ್ಲ. ಮಣ್ಣು ಕಲಸಿ ಕೆಲಸಕ್ಕೆ ಇಳಿದರು.

ಈಗ ಯೋವಾಷನ ಹತ್ತಿರ ಬನ್ನಿ. ಏಳು ವರ್ಷಕ್ಕೆ ಸಿಂಹಾಸನ ಏರಿದ ಹುಡುಗ. ಸೊಲೊಮೋನ ಕಟ್ಟಿಸಿದ ದೇವಾಲಯಕ್ಕೆ ಆಗಲೇ ನೂರು ವರ್ಷ ದಾಟಿದೆ. ಒಡೆದವರು ಯಾರು ಅಂತ ಅವರಿಗೆ ಗೊತ್ತಿತ್ತು. ಪೂರ್ವಕಾಲವೃತ್ತಾಂತ ಎರಡನೆಯ ಪುಸ್ತಕದ 24ನೇ ಅಧ್ಯಾಯದಲ್ಲಿ ಅತಲ್ಯಳ ಮಕ್ಕಳು ಅಂತ ಹೆಸರು ಸಮೇತ ಇದೆ. ಗೊತ್ತಿದ್ದೂ ಅರಸ ಅದರ ಮೇಲೆ ಸಮಯ ಕಳೆಯಲಿಲ್ಲ. ಎಲ್ಲಿ ಒಡಕು ಕಂಡರೂ ಸರಿಮಾಡಿಸಿ ಅಂತ ಯಾಜಕರಿಗೆ ಹೇಳಿದ. ಹಣ ಬರ್ತಾನೇ ಇತ್ತು. ಅರಸನ ಆಳ್ವಿಕೆಯ 23ನೇ ವರ್ಷ ಬಂದರೂ ಒಡಕು ಹಾಗೇ ಇತ್ತು. ಆಗ ಯೋವಾಷನಿಗೆ 30 ವರ್ಷ, ಹೆಚ್ಚುಕಡಿಮೆ ನನ್ನ ವಯಸ್ಸು. ಹಿರಿಯ ಯಾಜಕರನ್ನೆಲ್ಲ ಕರೆದು, ಯಾಕೆ ಇನ್ನೂ ಮಾಡಿಲ್ಲ ಅಂತ ಕೇಳೋಕೆ ಅವನಿಗೆ ಎಷ್ಟು ಕಷ್ಟ ಆಗಿರಬೇಕು ನೀವೇ ಯೋಚಿಸಿ. (ನಗು)

ಆಮೇಲೆ ಬಂತು ಪೆಟ್ಟಿಗೆ. ಯೆಹೋಯಾದ ಮುಚ್ಚಳಕ್ಕೆ ತೂತು ಕೊರೆದು ಯಜ್ಞವೇದಿಯ ಪಕ್ಕ, ಒಳಗೆ ಬರುವವರ ಬಲಗಡೆ ಇಟ್ಟ. ಎಲ್ಲರಿಗೂ ಕಾಣೋ ಜಾಗ. ತುಂಬಿದಾಗ ಒಬ್ಬನೇ ಎಣಿಸಲಿಲ್ಲ, ಅರಸನ ಲೇಖಕನೂ ಮಹಾಯಾಜಕನೂ ಇಬ್ಬರೂ ಬಂದು ಎಣಿಸಿದರು. ಬಾಗಿಲ ಹತ್ರ ನಮ್ಮ ಮರದ ಪೆಟ್ಟಿಗೆ ಬಂದಿದ್ದು ಇಲ್ಲಿಂದಲೇ. ಅದನ್ನು ಎಣಿಸೋದು ಸ್ತ್ರೀಯರ ಕೂಟದಿಂದ ಒಬ್ಬರು, ಹಿರಿಯರಲ್ಲಿ ಒಬ್ಬರು. ನಾನು ಮುಟ್ಟಲ್ಲ. 16ನೇ ವಚನದಲ್ಲಿ ನೋಡಿ, ಯಾಜಕರಿಗೆ ಸೇರಿದ ಹಣ ಬೇರೆ, ಅದು ರಿಪೇರಿಗೆ ಬೆರೆಯಲಿಲ್ಲ. ಅದು ಇದಕ್ಕೆ ಹೋಗಲ್ಲ, ಇದು ಅದಕ್ಕೆ ಬರಲ್ಲ.

ಒಟ್ಟು ಬಿಲ್ 65,500 ರೂಪಾಯಿ. ಬೆಲ್ಟ್ ಸೆಟ್ ಬರೀ 6,500. ಉಳಿದದ್ದೆಲ್ಲ ಬೆಲ್ಟ್ ಹರಿದಿದ್ದರಿಂದ ಬಂದದ್ದು: ವಾಲ್ವ್, ಹೆಡ್ ಬಿಚ್ಚಿ ಲೇತ್‌ಗೆ ಕಳಿಸಿದ್ದು, ಗ್ಯಾಸ್ಕೆಟ್, ವಾಟರ್ ಪಂಪ್, ಆಯಿಲ್, ಬಾಳ್ಳುಪೇಟೆಯಿಂದ ಎಳೆದು ತಂದದ್ದು. ದೊಡ್ಡ ವರ್ಕ್‌ಶಾಪ್ ಒಂದರಲ್ಲಿ ಪೂರಾ ಹೆಡ್ ಹೊಸದು ಹಾಕಬೇಕು ಅಂತ 1,40,000 ಹೇಳಿದ್ದರು. ಇಷ್ಟು ಹಳೆ ಗಾಡಿಗೆ ಯಾಕೆ, ಗುಜರಿಗೆ ಹಾಕಿ ಅಂದವರೂ ಇದ್ದಾರೆ. ಅವರ ಮಾತು ತೆಗೆದುಹಾಕುವಂಥದ್ದಲ್ಲ. 15 ವರ್ಷ ತುಂಬಿದರೆ ಆರ್‌ಸಿ ನವೀಕರಣ, ಫಿಟ್ನೆಸ್ ಎಲ್ಲ ಇದೆ. ಆದರೆ ಹೊಸ ಏಳು ಸೀಟಿನ ಗಾಡಿಗೆ ತಿಂಗಳು ತಿಂಗಳು ಕಂತು ಕಟ್ಟುವ ಶಕ್ತಿ ಈ ಸಭೆಗಿಲ್ಲ, ಮಳೆಗಾಲದಲ್ಲಿ ತೋಟದ ರಸ್ತೆಗೆ ಆಟೋ ಬರಲ್ಲ. ಕಮಿಟಿ ಕೂತು ರಿಪೇರಿ ಅಂತ ತೀರ್ಮಾನಿಸಿತು.

ಆ ಬಿಲ್ಲಲ್ಲಿ ಲೇಬರ್ 14,000. ಇದರ ಬಗ್ಗೆ ಸ್ವಲ್ಪ ನಿಲ್ತೀನಿ. ನಮ್ಮ ಹಿರಿಯರೊಬ್ಬರು ಪ್ರೀತಿಯಿಂದಲೇ ಭಾಯ್‌ಗೆ ಹೇಳಿದರು, ಇದು ದೇವರ ಸೇವೆಯ ಗಾಡಿ, ಲೇಬರ್ ಬಿಟ್ಟುಬಿಡಿ. ಭಾಯ್ ಕೋಪ ಮಾಡಿಕೊಳ್ಳಲಿಲ್ಲ. "ದೇವರ ಕೆಲಸದ ಗಾಡಿ ಅಂತಾನೇ ಸಾರ್, ಹೆಡ್ ಎರಡು ಸಲ ಬಿಚ್ಚಿ ನೋಡಿದೆ" ಅಂದರು. ಅವರ ಜೊತೆ ಇಬ್ಬರು ಹುಡುಗರಿದ್ದಾರೆ, ಶನಿವಾರ ಸಂಜೆ ಬಟವಾಡೆ. ಒಂಬತ್ತು ದಿನ ಆ ಹುಡುಗರು ಗಾಡಿ ಕೆಳಗೆ ಮಲಗಿದ್ದರು. ಅವರ ಬಟವಾಡೆ ಹಿಡಿದು ನಾವು ದೇವರಿಗೆ ಉಳಿಸಿಕೊಟ್ಟೆವು ಅಂದರೆ ದೇವರು ಅದನ್ನು ಕಾಣಿಕೆ ಅಂತ ತಗೊಳ್ಳಲ್ಲ. ಧರ್ಮೋಪದೇಶಕಾಂಡ 24ನೇ ಅಧ್ಯಾಯ ಮನೆಗೆ ಹೋಗಿ ಓದಿ. ಕೂಲಿಯವನು ನಿನ್ನ ಜನದವನಾಗಲಿ, ಪರದೇಶಿಯಾಗಲಿ, ಹೊತ್ತು ಮುಳುಗೋದಕ್ಕೆ ಮುಂಚೆ ಕೊಡು ಅಂತ ಮೋಶೆ ಹೇಳ್ತಾನೆ. ಅವನು ಬಡವ, ಆ ಹಣವನ್ನೇ ಎದುರು ನೋಡ್ತಿರ್ತಾನೆ. ಕೊಡದಿದ್ದರೆ ಅವನ ಕೂಗು ದೇವರಿಗೆ ಮುಟ್ಟುತ್ತೆ. ಕೂಗುವವನ ಧರ್ಮ ಯಾವುದು ಅಂತ ದೇವರು ವಿಚಾರಿಸ್ತಾನೆ ಅಂತ ನಾನೆಲ್ಲೂ ಓದಿಲ್ಲ.

ನಮ್ಮ ಭಾಗದ 15ನೇ ವಚನ ನನಗೆ ತುಂಬ ಇಷ್ಟ. ಕೆಲಸಗಾರರಿಗೆ ಕೊಡೋಕೆ ಅಂತ ಹಣ ಪಡೆದವರ ಹತ್ತಿರ ಯಾರೂ ಲೆಕ್ಕ ಕೇಳಲಿಲ್ಲ, ಯಾಕಂದರೆ ಅವರು ನಂಬಿಗಸ್ತರಾಗಿದ್ದರು. ಯಾಜಕರ ಕೈಯಿಂದ ಹಣ ತಪ್ಪಿಸಿ ಪೆಟ್ಟಿಗೆಗೆ ಹಾಕಿಸಬೇಕಾಯಿತು, ಮೇಸ್ತ್ರಿಗಳ ಹತ್ತಿರ ಲೆಕ್ಕ ಕೇಳಬೇಕಾಗಲಿಲ್ಲ! ಸಭೆ ನಡೆಸುವ ನಮ್ಮಂಥವರು ಈ ವಚನವನ್ನು ಬೇಗ ಬೇಗ ದಾಟಿಬಿಡ್ತೀವಿ. ಭಾಯ್ ಬಗ್ಗಿದ ವಾಲ್ವ್‌ಗಳನ್ನೆಲ್ಲ ಒಂದು ಡಬ್ಬದಲ್ಲಿ ಹಾಕಿಟ್ಟು, ಕೇಳದೇ ತೋರಿಸಿದರು. ಬಗ್ಗದ 8 ವಾಲ್ವ್ ಹೊಸದು ಬೇಡ, ಉಜ್ಜಿ ಕೂರಿಸಿದರೆ ಸಾಕು ಅಂತ ಅವರೇ ಹೇಳಿದರು. ಬದಲಾಯಿಸಿ ಬಿಲ್ ಹಾಕಿದ್ದರೆ ನಮಗೆ ಯಾರಿಗೆ ಗೊತ್ತಾಗುತ್ತಿತ್ತು?

ಪೆಟ್ಟಿಗೆಯಲ್ಲಿ ಇವತ್ತಿನವರೆಗೆ 41,300 ಬಂದಿದೆ. ಮೊದಲು ಕೊಟ್ಟಿದ್ದು ಲೇಬರ್, ಪೂರ್ತಿ 14,000, ಶನಿವಾರ ಮಧ್ಯಾಹ್ನವೇ. ಇನ್ನು 24,200 ಬೇಕು, ಸ್ಪೇರ್ ಪಾರ್ಟ್ಸ್ ಅಂಗಡಿಯವರು ತಿಂಗಳ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ. ಒಬ್ಬ ತಾಯಿ ಬಳೆ ಬಿಚ್ಚಿ ತಂದಿದ್ದರು. ವಾಪಸ್ ಕೈಗೆ ಹಾಕಿ ಕಳಿಸಿದ್ದೀನಿ. ಮಕ್ಕಳ ಸ್ಕೂಲ್ ಫೀಸ್, ಚೀಟಿ ಹಣ, ಮನೆ ಬಾಡಿಗೆ ಇದರಲ್ಲಿ ಹಾಕಬೇಡಿ. ಇಲ್ಲಿ ಹಾಕಿದರೆ ನೂರರಷ್ಟು ವಾಪಸ್ ಬರುತ್ತೆ ಅಂತ ನಾನು ಹೇಳಲ್ಲ. ಹಾಕಿದರೆ ಗಾಡಿ ಓಡುತ್ತೆ. ಬಿಲ್ ನೋಟಿಸ್ ಬೋರ್ಡಲ್ಲಿ ಅಂಟಿಸಿದೆ, ಲೇತ್ ಅಂಗಡಿ ಚೀಟಿ ಸಮೇತ.

ಯೌವನಸ್ಥರು ಕೀಬೋರ್ಡ್ ಬಗ್ಗೆ ಕೇಳ್ತಾನೇ ಇದ್ದಾರೆ. ತಮ್ಮಂದಿರೇ, 13ನೇ ವಚನ ನೋಡಿ. ಆ ಹಣದಿಂದ ಬೆಳ್ಳಿ ಬಟ್ಟಲು ಮಾಡಿಸಲಿಲ್ಲ, ತುತೂರಿಯೂ ಮಾಡಿಸಲಿಲ್ಲ. ತುತೂರಿ ಅಂತಾನೇ ಇದೆ! (ನಗು) ಆದರೆ ಪೂರ್ವಕಾಲವೃತ್ತಾಂತದಲ್ಲಿ, ಕೆಲಸ ಪೂರ್ತಿ ಮುಗಿದ ಮೇಲೆ ಉಳಿದ ಹಣವನ್ನು ತಂದುಕೊಟ್ಟರು, ಆಗ ಪಾತ್ರೆಗಳು ಆದವು ಅಂತಲೂ ಇದೆ. ಕಾಯಿರಿ.

ಶುಕ್ರವಾರ ಸಂಜೆ ನಾಲ್ಕಕ್ಕೆ ಗಾಡಿ ತೋಟಕ್ಕೆ ಹೊರಡುತ್ತೆ. ವಾಪಸ್ ಬರುವಾಗ ಆ ಅಕ್ಕ ಬರ್ತಾರೆ, ಶನಿವಾರ ಬೆಳಿಗ್ಗೆ ಡಾಕ್ಟರ್ ಅಪಾಯಿಂಟ್ಮೆಂಟ್ ಇದೆ. ಮುಂದಿನ ಸೀಟು ಅವರಿಗೆ, ಹಿಂದೆ ಮಂಡಿ ಮಡಚೋಕೆ ಆಗಲ್ಲ.

ಎಲ್ಲರೂ ಎದ್ದು ನಿಲ್ಲಿ. ಆ ಅಕ್ಕನ ಮಂಡಿಗಾಗಿ, ಭಾಯ್ ಮನೆಯವರಿಗಾಗಿ, ಆ ಇಬ್ಬರು ಹುಡುಗರಿಗಾಗಿ ಪ್ರಾರ್ಥನೆ ಮಾಡೋಣ. ಕಣ್ಣು ಮುಚ್ಚಿರಿ. ಬೆಲ್ಟ್ ಯಾರ ಹತ್ರ ಇದೆಯೋ ಅವರು ಆಮೇಲೆ ತಂದುಕೊಡಿ.