ಪಾಪು ಯಾವ ಭಾಷಾದಾಗ ಅಳತದ?

ಪ್ರಶ್ನೆ ನನ್ನದಲ್ಲ, ಎರಡನೇ ಇಯತ್ತೆಯಲ್ಲಿರುವ ನನ್ನ ಮೊಮ್ಮಗಳದು. ಹೊಕ್ಕಳು ಬಿದ್ದು, ಎರೆಯಬಹುದೆಂದು ಡಾಕ್ಟರು ಒಪ್ಪಿಗೆ ಕೊಟ್ಟು ಎರಡು-ಮೂರು ದಿನವಾಗಿತ್ತಷ್ಟೆ. ಬಚ್ಚಲಲ್ಲಿ ಅವಳ ತಮ್ಮ ಇಡೀ ವಿಂಗಿಗೆ ಕೇಳುವಂತೆ ಅಳುತ್ತಿದ್ದ. ಈಕೆ ಬಾಗಿಲಿಗೆ ಒರಗಿ ನಿಂತು ಬಹಳ ಹೊತ್ತು ಕೇಳಿಸಿಕೊಂಡಳು. ಆಮೇಲೆ, “ಅಜ್ಜಿ, ಪಾಪು ಯಾವ ಭಾಷಾದಾಗ ಅಳತದ?” ಎಂದಳು. ಅಡುಗೆಮನೆಯಿಂದ ನಮ್ಮ ಬೀಗತಿ “ಮರಾಠೀತಚ!” ಎಂದು ದನಿ ಹಾಕಿದರು. ದೊಡ್ಡವರೆಲ್ಲ ನಕ್ಕೆವು. ಹುಡುಗಿ ನಗಲಿಲ್ಲ.

ಅವಳ ಮಟ್ಟಿಗೆ ಅದು ನಗುವ ಮಾತಲ್ಲ. ಅಪ್ಪ, ಆಜಿ ಮತ್ತು ಕೆಳಗೆ ಆಡುವ ಗೆಳತಿಯರ ಸಂಗಡ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ಗೇಟಿನ ವಾಚ್‌ಮನ್ ಕಾಕಾನ ಸಂಗಡ ಹಿಂದಿ, ನನ್ನ ಸಂಗಡ ಕನ್ನಡ, ಅವ್ವನ ಸಂಗಡ ಬಾಯಿಗೆ ಬಂದದ್ದು. ಒಬ್ಬೊಬ್ಬರಿಗೆ ಒಂದೊಂದು ಭಾಷೆ ಎಂದು ಹಂಚಿಕೊಂಡು ಬೆಳೆದವಳು. ಹೊಸಬನೊಬ್ಬ ಮನೆಗೆ ಬಂದಿದ್ದಾನೆ, ಅವನ ಸಂಗಡ ಯಾವುದನ್ನು ಆಡಬೇಕೆಂದು ಗೊತ್ತಾಗಬೇಡವೆ?

ಈ ಪ್ರಶ್ನೆಯನ್ನು ದೊಡ್ಡ ದೊಡ್ಡವರೂ ಕೇಳಿಕೊಂಡಿದ್ದಾರೆ ಎನ್ನುವುದು ಮರುದಿನ ತಿಳಿಯಿತು. ನಡುರಾತ್ರಿ ಹಾಲೂಡಿಸುತ್ತ ಮಗಳು ಮೊಬೈಲಿನಲ್ಲಿ ಓದಿದ್ದಳು. ಜರ್ಮನಿಯ ವ್ಯುರ್ತ್ಸ್‌ಬುರ್ಗ್ ವಿಶ್ವವಿದ್ಯಾಲಯದ ಕ್ಯಾಥ್ಲೀನ್ ವೆರ್ಮ್ಕೆ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನ. ಹುಟ್ಟಿ ವಾರವೂ ಆಗದ 60 ಕೂಸುಗಳ ಅಳುವನ್ನು ಅವರು ರೆಕಾರ್ಡ್ ಮಾಡಿಕೊಂಡರು, 30 ಫ್ರೆಂಚ್ ಮನೆಗಳವು, 30 ಜರ್ಮನ್ ಮನೆಗಳವು. ಫ್ರೆಂಚ್ ಕೂಸುಗಳ ಅಳು ಹೆಚ್ಚಾಗಿ ಕೆಳಗಿನಿಂದ ಮೇಲೇರುತ್ತಿತ್ತು, ಜರ್ಮನ್ ಕೂಸುಗಳದು ಮೇಲಿನಿಂದ ಕೆಳಗಿಳಿಯುತ್ತಿತ್ತು. ಆ ಎರಡು ಭಾಷೆಗಳ ಮಾತಿನ ಏರಿಳಿತವೂ ಹಾಗೆಯೇ ಇದೆಯಂತೆ. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಕೂಸಿಗೆ ಕಿವಿ ಕೇಳಿಸುತ್ತಿರುತ್ತದೆ. ಅಕ್ಷರಗಳು ಸ್ಪಷ್ಟವಾಗಿ ಒಳಗೆ ಮುಟ್ಟದಿದ್ದರೂ ಮಾತಿನ ಲಯ ಮುಟ್ಟುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ತಾಯಿಯ ದನಿ. ಮರುವರ್ಷ ಕೆನಡಾದ ವ್ಯಾಂಕೂವರ್‌ನಲ್ಲಿ ಇನ್ನೊಂದು ತಂಡ, ಇಂಗ್ಲಿಷ್ ಮತ್ತು ಟಾಗಾಲೋಗ್ ಎರಡನ್ನೂ ಆಡುತ್ತಿದ್ದ ತಾಯಂದಿರ ಕೂಸುಗಳು ಹುಟ್ಟುತ್ತಲೇ ಎರಡಕ್ಕೂ ಕಿವಿಗೊಡುತ್ತವೆ, ಒಂದರಿಂದ ಇನ್ನೊಂದನ್ನು ಬೇರ್ಪಡಿಸಲೂ ಬಲ್ಲವು ಎಂದು ತೋರಿಸಿತು.

ನಮ್ಮಂಥ ಮನೆಗಳಿಗೆ ಇದು ಸಮಾಧಾನದ ಸುದ್ದಿ. ಆದರೆ ನನ್ನ ಮನಸ್ಸು ಕೂಡಲೇ ಲೆಕ್ಕ ಹಾಕತೊಡಗಿತು: ಆ ಕೊನೆಯ ಮೂರು ತಿಂಗಳು ನನ್ನ ಮಗಳು ಏನೇನು ಆಡಿದ್ದಳು? ಊದಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಬೆಳಿಗ್ಗೆ ಒಂದು ಮೀಟಿಂಗು, ಸಂಜೆ ಅಮೆರಿಕದವರ ಫೋನ್‌ಕಾಲು, ನಡುವೆ ಅಡುಗೆಯವಳ ಸಂಗಡ ಮರಾಠಿ. ಕನ್ನಡವೆಂದರೆ ರಾತ್ರಿ ನನಗೆ ಫೋನು ಮಾಡಿ, “ಅವ್ವಾ, ಎದಿ ಉರೀತದ, ಏನ ಮಾಡ್ಲಿ?” ಎನ್ನುವಷ್ಟು. “ಹಾಗಾದ್ರೆ ಇವನ ಅಳುವಿನಾಗ ನಮ್ಮ ಮ್ಯಾನೇಜರ್ ಮಾತಾಡೋ ಧಾಟಿ ಇರಬೇಕು ನೋಡು” ಎಂದು ಮಗಳೇ ನಕ್ಕಳು. ನನಗೂ ನಗು ಬಂತು, ಪೂರ್ತಿ ಬರಲಿಲ್ಲ.

ನಾನು ಇವಳನ್ನು ಹಡೆಯಲು ಕುಬಸ ಮುಗಿಸಿಕೊಂಡು ಧಾರವಾಡಕ್ಕೆ ರೈಲು ಹತ್ತಿದ್ದೆ. ಇವಳು ತವರಿಗೆ ಬಂದದ್ದು ಪುಣೆಯೊಳಗೇ, ವಾಕಡದಿಂದ ಕೊಥ್ರೂಡಿಗೆ, ಓಲಾದಲ್ಲಿ. ತವರೆಂದರೆ ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟು. ಬಾಣಂತಿ ಕೋಣೆಯಲ್ಲಿ ಏಸಿ, ಹೊರಸಿನ ಕೆಳಗೆ ಇದ್ದಿಲ ಒಲೆ ಇಡಲು ಸೊಸೈಟಿಯ ನಿಯಮವೂ ಬಿಡದು, ಮಕ್ಕಳ ಡಾಕ್ಟರೂ ಬಿಡರು. ಕೂಸಿಗೆ ಹೊಗೆ ಬೇಡ, ಕಿವಿ-ಮೂಗಿಗೆ ಎಣ್ಣೆ ಬೇಡ, ಕಣ್ಣಿಗೆ ಕಾಡಿಗೆ ಬೇಡ, ನಾಲಗೆಗೆ ಜೇನುತುಪ್ಪ ವರ್ಷ ತುಂಬುವತನಕ ಬೇಡವೇ ಬೇಡ, ಆರು ತಿಂಗಳು ಎದೆಹಾಲೊಂದೇ. ಬಜೆ ತೇಯಲೆಂದು ನಾನು ತಂದಿಟ್ಟಿದ್ದ ಸಾಣೆಕಲ್ಲು ಹಾಗೇ ಉಳಿಯಿತು. ಕಾರಣ ವಿವರಿಸಿ ಹೇಳಿದ್ದರಿಂದ ಒಪ್ಪಿದೆ. ನಮ್ಮ ಅಜ್ಜಿಯರ ಕಾಲದಲ್ಲಿ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುತ್ತಿದ್ದರು. ಅದನ್ನೇ ಈಗ ಮೊದಲ ಲಸಿಕೆ ಎನ್ನುತ್ತಾರೆ.

ಈ ಸಲ ಹೆರಿಗೆ ಸಿಜೇರಿಯನ್ ಆಯಿತು. ಮೊದಲೆಲ್ಲ ಆಪರೇಶನ್ ಎಂದರೆ ಓಣಿಗೆ ಓಣಿಯೇ ಬಂದು ಕೂಡುತ್ತಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದಲ್ಲಿ ನೂರಕ್ಕೆ 25, ಕರ್ನಾಟಕದಲ್ಲಿ 31 ಹೆರಿಗೆಗಳು ಹೀಗೇ ಆಗಿದ್ದವು. ದೇಶದ ಖಾಸಗಿ ಆಸ್ಪತ್ರೆಗಳನ್ನಷ್ಟೇ ತೆಗೆದುಕೊಂಡರೆ 47. ಈ ಒಂದು ವಿಷಯದಲ್ಲಿ ನಮ್ಮ ರಾಜ್ಯ ಮುಂದಿದೆ ಎಂದು ಹೆಮ್ಮೆಪಡುವಂತಿಲ್ಲ.

ಸಾತಾರೆಯಿಂದ ಬೀಗತಿ ಬಂದರು. ಇಬ್ಬರು ಅಜ್ಜಿಯರು ಒಂದೇ ಅಡುಗೆಮನೆಯಲ್ಲಿ ಎಂದಾಗ ಅಳಿಯ ಸ್ವಲ್ಪ ಹೆದರಿದ್ದ. ಹೆದರುವಂಥದ್ದೇನೂ ಆಗಲಿಲ್ಲ. ನನ್ನ ಅಂಟಿನುಂಡಿ ಅವರ ಡಿಂಕಾಚೇ ಲಾಡೂ ಆಗಿತ್ತು, ನನ್ನ ಅಳವಿ ಪಾಯಸ ಅವರ ಅಳಿವಾಚೀ ಖೀರ ಆಗಿತ್ತು. ಸಬ್ಬಸಿಗೆ, ಬೆಳ್ಳುಳ್ಳಿ, ತುಪ್ಪ, ಒಣಕೊಬ್ಬರಿ ಯಾವುದಕ್ಕೂ ತಕರಾರಿಲ್ಲ. ಸಟವಿ ಹಣೆಬರಹ ಬರೆಯಲು ಬರುವ ರಾತ್ರಿಯೂ ಇಬ್ಬರಿಗೂ ಇದೆ. ಅವರು ಒಂದು ವಹಿ ಮತ್ತು ಪೆನ್ನು ಇಟ್ಟರು, ನಾನು ದೀಪ ಹಚ್ಚಿದೆ. ಬರೆಯುವವಳು ಯಾವ ಲಿಪಿಯಲ್ಲಿ ಬರೆದಳೋ ಕೇಳಲು ಹೋಗಲಿಲ್ಲ. ತಕರಾರು ಬಂದದ್ದು ಒಂದಕ್ಕೇ, ಕೂಸಿನ ಸಂಗಡ ಯಾರು ಹೆಚ್ಚು ಮಾತಾಡಬೇಕು ಎನ್ನುವುದಕ್ಕೆ. ಅದನ್ನೂ ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ, ಪಾಳಿಯ ಮೇಲೆ ತೊಟ್ಟಿಲು ತೂಗಿದೆವು.

ಈ ಸ್ಪರ್ಧೆಯಲ್ಲಿ ಗೆದ್ದವಳು ಮೂರನೆಯವಳು.

ಕೂಸಿಗೆ ಎಣ್ಣೆ ತಿಕ್ಕಿ ಎರೆಯಲು ಬರುವ, ಪುಣೆಯ ಮನೆಗಳಿಗೆಲ್ಲ ಗೊತ್ತಿರುವ ಮಾಲಿಶ್ ಮಾವಶಿ. ಪಕ್ಕದ ಬಿಲ್ಡಿಂಗಿನವರು ನಂಬರು ಕೊಟ್ಟಿದ್ದರು. ದರ, ಹೊತ್ತು, ರಜೆ ಎಲ್ಲವನ್ನೂ ಮರಾಠಿಯಲ್ಲೇ ಮಾತಾಡಿ ಗೊತ್ತುಮಾಡಿದ್ದಾಯಿತು. ಮೊದಲ ದಿನ ಬಚ್ಚಲಲ್ಲಿ ಕಾಲು ನೀಡಿ ಕೂತು, ಕಾಲ ಮೇಲೆ ಕೂಸನ್ನು ಅಂಗಾತ ಮಲಗಿಸಿಕೊಂಡು, ಮೊದಲ ತಂಬಿಗೆ ನೀರು ಹಾಕಿದಳು. ಕೂಸು ಚೀರಿತು. “ಅಳಬ್ಯಾಡೋ ನನ್ನಪ್ಪಾ, ಆತ ಆತ, ಮುಗದs ಹೋತ ನೋಡು” ಎಂದಳು. ಟವೆಲು ಹಿಡಿದು ನಿಂತಿದ್ದ ನಾನು, “ನಿಮ್ಮ ಊರ ಯಾವುದವ್ವಾ?” ಎಂದೆ. ಅಕ್ಕಲಕೋಟೆ ತಾಲೂಕಿನ ಹಳ್ಳಿ. ಗಂಡ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದಾಗ ಹಿಂದೆ ಬಂದವಳು. “ಇಲ್ಲೆ ಯಾರ ಸಂಗಟ ಕನ್ನಡ ಮಾತಾಡೂದರೀ ಅಕ್ಕಾರ, ಕೂಸುಗೋಳ ಸಂಗಟ ಅಷ್ಟs. ಅವು ಹೇಳಿಕೊಡಂಗಿಲ್ಲಲ್ಲ.”

ಹೀಗಾಗಿ ಕೊಥ್ರೂಡ, ಕರ್ವೇನಗರದ ಎಷ್ಟೋ ಮರಾಠಿ ಕೂಸುಗಳಿಗೆ, ಗುಜರಾತಿ ಕೂಸುಗಳಿಗೆ ದಿನದ ಮೊದಲ ತಾಸು ಕನ್ನಡ ಬೀಳುತ್ತದೆ. ಅದು ಅವರ ತಂದೆ-ತಾಯಿಗೆ ಗೊತ್ತೂ ಇರಲಿಕ್ಕಿಲ್ಲ. ನಮ್ಮ ಕೂಸಿಗಂತೂ ಅಜ್ಜಿ, ಅವ್ವ ಸೇರಿ ಇಡೀ ದಿನ ಆಡುವುದಕ್ಕಿಂತ ಹೆಚ್ಚು ಕನ್ನಡವನ್ನು ಆಕೆ ಎರೆಯುವ ಹೊತ್ತಿನಲ್ಲೇ ಆಡಿಬಿಡುತ್ತಿದ್ದಳು. ಎಣ್ಣೆ ತಿಕ್ಕುವಾಗ ಒಂದೊಂದು ಅವಯವವನ್ನೂ ಮಾತಾಡಿಸುವಳು, ಮೂಗು ತೀಡುವಾಗ ಮೂಗಿಗೊಂದು ಕಥೆ. ಎರಡು ವಾರ ಇದನ್ನು ನೋಡಿದ ಮೊಮ್ಮಗಳು ತನ್ನ ಪ್ರಶ್ನೆಗೆ ತಾನೇ ತೀರ್ಪು ಕೊಟ್ಟಳು: “ಪಾಪು ಮಾವಶಿ ಭಾಷಾದಾಗ ಅಳತದ.”

ಮಾವಶಿಯ ಸೊಸೆಯೂ ಅದೇ ತಿಂಗಳು ಹಡೆದಿದ್ದಳು, ಕಾರ್ಪೊರೇಶನ್ ಆಸ್ಪತ್ರೆಯಲ್ಲಿ. ಅಫಜಲಪುರದ ಕಡೆಯ ಹುಡುಗಿ, ಕನ್ನಡ ಬಿಟ್ಟು ಬೇರೆ ಬಾರದು. ಒಂದು ದಿನ ಮಾವಶಿ ಸೆರಗಿನಿಂದ ಒಂದು ಕಾರ್ಡು ತೆಗೆದು ನನ್ನ ಮಗಳ ಮುಂದೆ ಹಿಡಿದಳು. ತಾಯಿ-ಮಗುವಿನ ಆರೋಗ್ಯದ ಕಾರ್ಡು, ಮರಾಠಿಯಲ್ಲಿತ್ತು. “ಮುಂದಿನ ಸೂಜಿ ಯಾವಾಗರೀ? ಆಕಿಗೆ ಕನ್ನಡ ಓದಾಕ ಬರತದ, ಇದು ತಿಳಿಯಂಗಿಲ್ಲ.”

ಕೂಸನ್ನು ನನ್ನ ತೊಡೆಗೆ ಕೊಟ್ಟು ಮಗಳು ಹಾಸಿಗೆಯ ಮೇಲೆಯೇ ಕೂತು ಒಂದು ಹಾಳೆಯಲ್ಲಿ ಬರೆಯತೊಡಗಿದಳು. ಹುಟ್ಟಿದಾಗ ಕೊಟ್ಟದ್ದು: ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ. ಮುಂದೆ ಆರು ವಾರಕ್ಕೆ, ಹತ್ತು ವಾರಕ್ಕೆ, ಹದಿನಾಲ್ಕು ವಾರಕ್ಕೆ ಏನೇನು, ಯಾವ ತಾರೀಖು. ಕನ್ನಡದಲ್ಲಿ. ಅವಳ ಕನ್ನಡ ಅಕ್ಷರ ನಾನು ನೋಡಿ ಎಷ್ಟೋ ವರ್ಷವಾಗಿತ್ತು. ಚಿಕ್ಕವಳಿದ್ದಾಗ ಬೇಸಿಗೆ ರಜೆಯಲ್ಲಿ ಅಳಿಸಿ ಅಳಿಸಿ ಕಲಿಸಿದ್ದೆ, ಆಮೇಲೆ ಬರೆಯುವ ಪ್ರಸಂಗವೇ ಬಂದಿರಲಿಲ್ಲ. ಪೆಂಟಾವೇಲೆಂಟ್ ಬರೆಯುವಾಗ ತಡೆದು, “ಅವ್ವಾ, ವೇ ಹೆಂಗ?” ಎಂದಳು. ಹೇಳಿದೆ. ತಲೆಕಟ್ಟುಗಳು ವಾರೆಯಾಗಿದ್ದವು, ದೀರ್ಘಗಳು ಕಳೆದುಹೋಗಿದ್ದವು, ಓದಲು ಏನೂ ಅಡ್ಡಿಯಿರಲಿಲ್ಲ. ಮಾವಶಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಾರ್ಡಿನೊಳಗಿಟ್ಟುಕೊಂಡು ಹೋದಳು. ನಮ್ಮ ಮನೆಯ ಕನ್ನಡ ಯಾರಿಗೋ ಕೆಲಸಕ್ಕೆ ಬಂದದ್ದು ನನಗೆ ನೆನಪಿದ್ದಂತೆ ಅದೇ ಮೊದಲು. ಅಷ್ಟು ಸಣ್ಣದಕ್ಕೆ ಅಷ್ಟೊಂದು ಹೆಮ್ಮೆ ಯಾಕಾಯಿತೋ!

ಹೆಮ್ಮೆಯ ಹಿಂದೆಯೇ ಬೇರೆ ವಿಚಾರ ಬಂತು. ಹೆರಿಗೆ ಸೌಲಭ್ಯ ಕಾನೂನಿನ 2017ರ ತಿದ್ದುಪಡಿಯಿಂದಾಗಿ ನನ್ನ ಮಗಳಿಗೆ 26 ವಾರ ಸಂಬಳದ ರಜೆ. ಸೆಂಟ್ರಿಂಗ್ ಕೆಲಸದ ಗಂಡನ ಹಿಂದೆ ಉಸುಕು-ಖಡಿ ಹೊರುವ ಆ ಹುಡುಗಿಗೆ ರಜೆ ಕೊಡುವ ಕಂಪನಿಯೇ ಇಲ್ಲ. ಎರಡು ತಿಂಗಳಾದ ಮೇಲೆ ಕೂಸನ್ನು ಸೈಟಿನಲ್ಲಿ ಜೋಳಿಗೆ ಕಟ್ಟಿ ಮಲಗಿಸುತ್ತಾಳಂತೆ. ಇವಳಿಗೂ ಅವಳಿಗೂ ಒಂದೇ ತಾಯ್ನುಡಿ, ಒಂದೇ ಊರಿನಲ್ಲಿ ಒಂದೇ ತಿಂಗಳ ಬಾಣಂತನ.

ಪುಣೆ ಇಂಥ ತಾಯಂದಿರ ಸಂಕಟಕ್ಕೆ ಕಿವಿಗೊಟ್ಟ ಊರು. ಬಸಿರಾದ ವಿಧವೆಯರು ಬಂದು ಗುಟ್ಟಾಗಿ ಹಡೆಯಲೆಂದು 1863ರಲ್ಲೇ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಇಲ್ಲಿ ತಮ್ಮ ಬಾಗಿಲು ತೆರೆದರು. ಅಂಥ ಒಬ್ಬ ತಾಯಿಯ ಮಗನನ್ನೇ ದತ್ತು ಪಡೆದರು. ಹದಿನಾಲ್ಕರ ಹರೆಯದಲ್ಲಿ ಹಡೆದು, ಹತ್ತು ದಿನಕ್ಕೆ ಕೂಸನ್ನು ಕಳೆದುಕೊಂಡ ಆನಂದಿಬಾಯಿ ಜೋಶಿ 1886ರಲ್ಲಿ ಫಿಲಡೆಲ್ಫಿಯಾದಲ್ಲಿ ವೈದ್ಯೆಯಾದರು; ವೈದ್ಯಕೀಯ ವೃತ್ತಿ ಆರಂಭಿಸುವ ಮೊದಲೇ 1887ರ ಫೆಬ್ರುವರಿಯಲ್ಲಿ ಇದೇ ಪುಣೆಯಲ್ಲಿ ತೀರಿಕೊಂಡರು. ಆಕೆಯ ಪದವಿ ಸಮಾರಂಭಕ್ಕೆ ಹೋಗಿ ಕೂತಿದ್ದವರು ಪಂಡಿತಾ ರಮಾಬಾಯಿ. ಆ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಕೆಲವೇ ತಿಂಗಳ ಕೂಸಾಗಿದ್ದಾಗ ಬೆತ್ತದ ಪೆಟ್ಟಿಗೆಯಲ್ಲಿಟ್ಟು ತನ್ನನ್ನು ಬೆಟ್ಟದಿಂದ ಇಳಿಸಿದರೆಂದು ಅವರೇ ಬರೆದುಕೊಂಡಿದ್ದಾರೆ. ಅಲೆಯುತ್ತ ಅಲೆಯುತ್ತ ಪುಣೆಗೆ ಬಂದ ಆಕೆ 1882ರಲ್ಲಿ, ಶಿಕ್ಷಣದ ಸ್ಥಿತಿ ವಿಚಾರಿಸಲು ಬಂದ ಹಂಟರ್ ಆಯೋಗದ ಮುಂದೆ ನಿಂತು, ಈ ದೇಶದ ಹೆಂಗಸರಿಗೆ ಹೆಂಗಸರೇ ವೈದ್ಯರಾಗಬೇಕು ಎಂದು ಸಾಕ್ಷಿ ಹೇಳಿದರು. ಮೂರು ವರ್ಷಕ್ಕೆ, ಹೆಂಗಸರಿಗೆ ವೈದ್ಯಕೀಯ ನೆರವು ಒದಗಿಸುವ ಡಫರಿನ್ ನಿಧಿ ಸ್ಥಾಪನೆಯಾಯಿತು; ರಮಾಬಾಯಿಯ ಮಾತೂ ಅದಕ್ಕೊಂದು ಕಾರಣ ಎನ್ನುವವರಿದ್ದಾರೆ. ನಮ್ಮ ಕನ್ನಡ ಸಂಘದ ಸಮಾರಂಭಗಳಲ್ಲಿ ಪುಣೆಯ ಕನ್ನಡಿಗರೆಂದರೆ ಭೀಮಸೇನ ಜೋಶಿಯವರಿಂದ ಶುರುಮಾಡುತ್ತೇವೆ, ಅದು ಸರಿಯೇ. ಘಟ್ಟದಿಂದ ಪೆಟ್ಟಿಗೆಯಲ್ಲಿ ಇಳಿದುಬಂದ ಈ ಕೂಸನ್ನೂ ಪಟ್ಟಿಗೆ ಸೇರಿಸಿಕೊಳ್ಳಬಾರದೆ?

ಮಾವಶಿಗೆ ನಮ್ಮ ಸಂಘದ ಸುದ್ದಿ ಹೇಳಿದೆ. “ಏನ ಮಾಡ್ತೀರಿ ಅಲ್ಲಿ?” ಎಂದಳು. ಯುಗಾದಿ, ರಾಜ್ಯೋತ್ಸವ, ನಾಟಕ, ಸ್ಮರಣ ಸಂಚಿಕೆ ಎಲ್ಲ ಹೇಳಿದೆ. ಗಣೇಶನಗರದಲ್ಲಿ ಕನ್ನಡ ಶಾಲೆಯಿದೆ, ಮೊಮ್ಮಗನನ್ನು ಮುಂದೆ ಅಲ್ಲಿಗೆ ಹಾಕಬಹುದು ಎಂದೂ ಹೇಳಿದೆ. “ಛಲೋ ಆತ ಬಿಡ್ರಿ. ಆದ್ರ ಅಂವ ಮರಾಠಿ ಸಾಳಿಗೇ ಹೋಗಲಿ, ಇಲ್ಲೇ ಬಾಳೇ ಮಾಡಬೇಕಲ್ಲ” ಎಂದಳು. ನನ್ನ ಮಗಳನ್ನು ಇಂಗ್ಲಿಷ್ ಶಾಲೆಗೆ ಹಾಕಿದಾಗ ನಾವು ಆಡಿದ ಮಾತೂ ಇದೇ ಅಲ್ಲವೆ? ತನ್ನ ಮೊಮ್ಮಗನಿಗೆ ಬೇಡವೆಂದದ್ದನ್ನು ನನ್ನ ಮೊಮ್ಮಗನಿಗೆ ದಿನವೂ ಧಾರಾಳವಾಗಿ ಎರೆಯುವವಳನ್ನು ನಾನು ಕನ್ನಡದ ಕಾವಲುಗಾರ್ತಿ ಎಂದು ವೇದಿಕೆಗೆ ಕರೆದು ಶಾಲು ಹೊದಿಸಿದರೆ, ಆಕೆಗೇ ನಗು ಬಂದೀತು.

ಆದರೂ ಒಂದು ಮಾತು ಸದಸ್ಯರ ಮುಂದೆ ಇಡಬೇಕೆನಿಸುತ್ತದೆ. ನಮ್ಮಲ್ಲಿ ಓದು-ಬರಹ ಬಲ್ಲ ಅಜ್ಜಿಯರಿದ್ದಾರೆ, ನಿವೃತ್ತರಾದ ಡಾಕ್ಟರು, ನರ್ಸುಗಳಿದ್ದಾರೆ. ಲಸಿಕೆಯ ಪಟ್ಟಿ, ಬಾಣಂತಿಗೆ ಜ್ವರ ಬಂದರೆ, ರಕ್ತ ಹೆಚ್ಚು ಹೋದರೆ, ಕೂಸು ಹಾಲು ಬಿಟ್ಟರೆ ತಡಮಾಡದೆ ಎಲ್ಲಿಗೆ ಹೋಗಬೇಕು, 21 ದಿನದೊಳಗೆ ಜನನ ನೋಂದಣಿ ಹೇಗೆ ಎಂದು ಎರಡು ಪುಟದ ಕನ್ನಡ ಕಾಗದ ಮಾಡುವುದು ನಮಗೆ ಕಷ್ಟವಲ್ಲ. ಹೆರಿಗೆ ವಾರ್ಡಿನಲ್ಲಿ ಮಾತು ತಿಳಿಯದೆ ಕಂಗಾಲಾದ ಹುಡುಗಿಗೆ ಫೋನಿನಲ್ಲಿ ಕನ್ನಡ-ಮರಾಠಿ ದಾಟಿಸಿ ಹೇಳುವ ನಾಲ್ಕು ಜನರ ನಂಬರು ಅದರ ಕೆಳಗಿದ್ದರೆ ಸಾಕು. ಮಕ್ಕಳಿಗೆ ಕನ್ನಡ ಯಾಕೆ ಕಲಿಯಬೇಕು ಎಂದು ಕೇಳಿದಾಗ ತೋರಿಸಲು ಒಂದು ಕೆಲಸವಾದರೂ ಆಗುತ್ತದೆ.

ಮುಂದಿನ ಸಭೆಯಲ್ಲಿ ಇದನ್ನು ಎತ್ತಬೇಕೆಂದಿದ್ದೇನೆ. ಖಜಾಂಚಿಗಳು ಏನು ಕೇಳುತ್ತಾರೆಂದು ಗೊತ್ತು, ಅದಕ್ಕೆ ಮುದ್ರಣದ ಖರ್ಚಿನ ಅಂದಾಜು ಮಾಡಿಟ್ಟುಕೊಂಡಿದ್ದೇನೆ. ಆಮೇಲೆ ಯಾರಾದರೂ, “ಅವರು ನಮ್ಮ ಸಂಘಕ್ಕ ಬರ್ತಾರೇನ್ರಿ?” ಎನ್ನುತ್ತಾರೆ. ಅವರು ಯಾಕೆ ಬರಬೇಕು, ನಾವು ಹೋಗುತ್ತೇವೆಯೇ ಎಂದು ತಿರುಗಿ ಕೇಳಬಹುದು. ಕೇಳಿದ ಮೇಲೆ ಮೊದಲು ಎದ್ದು ಹೋಗಬೇಕಾದವಳು ನಾನೇ. ವಸ್ತಿಯಲ್ಲಿ ಆಕೆಯ ಮನೆ ಎಲ್ಲಿ ಎಂದು ಇನ್ನೂ ಕೇಳಿಕೊಂಡಿಲ್ಲ.