ತಪ್ಪಿತಸ್ಥನ ಮುಖ

ಮನೆಗೆ ಮರಳುವಾಗ ಚಪ್ಪಲಿ ಚೂರುಚೂರಾಗಿ ಬಿದ್ದಿರುತ್ತದೆ. ನಾವು ಗದರುತ್ತೇವೆ. ಸಾಕುನಾಯಿ ಕಿವಿ ಮಡಚಿ, ಬಾಲ ಒಳಗೆಳೆದುಕೊಂಡು, ಕಣ್ಣು ತಪ್ಪಿಸಿ ಮೂಲೆ ಸೇರುತ್ತದೆ. 'ಮಾಡಿದ ತಪ್ಪು ಅದಕ್ಕೇ ಗೊತ್ತಿದೆ' ಎಂದು ತೀರ್ಪು ಕೊಡಲು ನಮಗೆ ಅಷ್ಟು ಸಾಕು.

2009ರಲ್ಲಿ ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಸ್ ಈ ತೀರ್ಪನ್ನೇ ಪರೀಕ್ಷೆಗೆ ಒಡ್ಡಿದರು. 14 ನಾಯಿಗಳ ಮಾಲಿಕರು ತಿಂಡಿ ಮುಟ್ಟಬಾರದೆಂದು ಹೇಳಿ ಹೊರಗೆ ಹೋಗಬೇಕು. ಕೆಲವು ಸಲ ನಾಯಿ ತಿಂಡಿ ತಿನ್ನುತ್ತಿತ್ತು. ಕೆಲವು ಸಲ ಅದನ್ನು ಬೇರೆಯವರೇ ತೆಗೆದುಬಿಡುತ್ತಿದ್ದರು. ಒಳಬಂದ ಮಾಲಿಕರಿಗೆ ಒಮ್ಮೆ ನಿಜ, ಒಮ್ಮೆ ಸುಳ್ಳು ಹೇಳಲಾಗುತ್ತಿತ್ತು. ನಾಯಿ ತಿಂದಿದೆ ಎಂದು ನಂಬಿದವರು ಗದರುತ್ತಿದ್ದರು. ನಾಯಿ ಆ ಮುಖ ಮಾಡಿದ್ದು ತಿಂದದ್ದಕ್ಕಲ್ಲ, ಗದರಿದ್ದಕ್ಕೆ. ಏನೂ ಮಾಡದೆ ಬೈಸಿಕೊಂಡ ನಾಯಿಗಳಲ್ಲೇ ಅದು ಹೆಚ್ಚು ಎದ್ದುಕಂಡಿತು!

ಹಾಗೆಂದು ನಾಯಿಗೆ ಬುದ್ಧಿ ಇಲ್ಲವೆನ್ನುವಂತಿಲ್ಲ. ಜರ್ಮನಿಯ ರಿಕೊ ಎಂಬ ನಾಯಿಗೆ ಸುಮಾರು 200 ವಸ್ತುಗಳ ಹೆಸರು ತಿಳಿದಿತ್ತು ಎಂದು 2004ರಲ್ಲಿ ವರದಿಯಾಯಿತು. ಪರಿಚಿತ ವಸ್ತುಗಳ ನಡುವೆ ಹೊಸದೊಂದನ್ನಿಟ್ಟು, ಅದು ಎಂದೂ ಕೇಳದ ಹೆಸರು ಹೇಳಿದರೆ ಹೆಚ್ಚಿನ ಸಲ ಹೊಸದನ್ನೇ ತರುತ್ತಿತ್ತು. ಇದು ತರ್ಕವೋ, ಹೊಸ ವಸ್ತುವಿನ ಆಕರ್ಷಣೆಯೋ ಎಂದು ವಿದ್ವಾಂಸರು ಚರ್ಚಿಸಿದರು. ನಾಯಿಯ ಕಲಿಯುವ ಸಾಮರ್ಥ್ಯ ನಮಗೆ ಹೊಸ ಸುದ್ದಿಯೇನಲ್ಲ. ತರಬೇತಿ ಪಡೆದ ಬೇಟೆಪ್ರಾಣಿಗಳು ಹಿಡಿದು ತಂದದ್ದನ್ನು ಕುರ್‌ಆನ್‌ನ ಅಲ್‌ಮಾಇದ ಅಧ್ಯಾಯದ 4ನೇ ಸೂಕ್ತವು ಧರ್ಮಸಮ್ಮತವೆಂದಿದೆ. ಅಲ್ಲಾಹನು ಮನುಷ್ಯನಿಗೆ ಕಲಿಸಿದ್ದರಿಂದಲೇ ಮನುಷ್ಯ ಅವುಗಳಿಗೆ ಕಲಿಸುತ್ತಾನೆ ಎಂಬ ಮಾತೂ ಅಲ್ಲಿದೆ.

ಬಾಯಾರಿದ ನಾಯಿಗೆ ಬಾವಿಗಿಳಿದು ಪಾದರಕ್ಷೆಯಲ್ಲಿ ನೀರು ತಂದುಕೊಟ್ಟವನ ಕಥೆಯನ್ನು ಪ್ರವಾದಿ(ಸ) ಹೇಳಿದ್ದಾರೆ. ಒದ್ದೆ ಮಣ್ಣು ನೆಕ್ಕುತ್ತಿದ್ದ ನಾಯಿಯನ್ನು ಕಂಡು, ತನಗಾಗಿದ್ದ ಬಾಯಾರಿಕೆಯೇ ಇದಕ್ಕೂ ಆಗಿದೆ ಎಂದು ಆತ ಅರಿತ. ನಾವೂ ನಮ್ಮನ್ನೇ ಅಳತೆಗೋಲಾಗಿಟ್ಟು ನಾಯಿಯ ಮನಸ್ಸನ್ನು ಓದುತ್ತೇವಲ್ಲ, ವ್ಯತ್ಯಾಸವೆಲ್ಲಿ? ಆತನ ಕಣ್ಣೆದುರು ನಾಯಿಯ ಸಂಕಟವಿತ್ತು. ನಮ್ಮ ಕಣ್ಣೆದುರು ಇರುವುದು ಹರಿದ ಚಪ್ಪಲಿ.

ಈ ಅಭ್ಯಾಸ ನಾಯಿಗೆ ಮಾತ್ರ ಸೀಮಿತವಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಮನೆಯಲ್ಲಿ ನೂರು ರೂಪಾಯಿ ಕಾಣೆಯಾದರೆ ನಾವು ಮೊದಲು ಕರೆಯುವುದು ಕೆಲಸದವಳನ್ನು. ದನಿ ಏರಿಸಿ ಕೇಳುತ್ತೇವೆ. ಆಕೆ ತಲೆ ತಗ್ಗಿಸುತ್ತಾಳೆ, ಮಾತು ತೊದಲುತ್ತದೆ. 'ನೋಡಿ, ಮುಖವೇ ಹೇಳುತ್ತದೆ' ಎನ್ನುತ್ತೇವೆ. ನೋಟು ಸಂಜೆ ನಮ್ಮದೇ ಅಂಗಿಯ ಜೇಬಿನಲ್ಲಿ ಸಿಗುತ್ತದೆ. ಮರುದಿನ ಆಕೆ ಬಂದಾಗ ಆ ವಿಷಯ ನಾವು ಎತ್ತುವುದಿಲ್ಲ.